ಕೀಕ್ಲೋಕ್ ಇನ್‌ಸ್ಟಾಲ್ ಮಾಡುವಾಗ ವಿಳಾಸವನ್ನೇ ಮೊದಲು ತೀರ್ಮಾನಿಸಬೇಕು, ಯಾಕೆ?

ಒಂದು ಸಂಸ್ಥೆಯಲ್ಲಿ ಏಳೆಂಟು ಆ್ಯಪ್‌ಗಳಿದ್ದು, ಒಂದೊಂದಕ್ಕೂ ಬೇರೆ ಯೂಸರ್‌ನೇಮ್, ಬೇರೆ ಪಾಸ್‌ವರ್ಡ್ ಇದ್ದರೆ ಜನ ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಹಾಕುತ್ತಾರೆ. ಕೆಲಸ ಬಿಟ್ಟವರ ಖಾತೆಯನ್ನು ಐದು ಕಡೆ ಮುಚ್ಚಿ ಆರನೆಯದನ್ನು ಮರೆಯುವುದೂ ಆಗುತ್ತದೆ. ಇದಕ್ಕೆ ಪರಿಹಾರವಾಗಿ ಲಾಗಿನ್ ಕೆಲಸವನ್ನೆಲ್ಲ ಒಂದೇ ಸರ್ವರ್‌ಗೆ ಒಪ್ಪಿಸುವ ಪದ್ಧತಿ ಬಂತು. ಆ ಸರ್ವರನ್ನು ಬ್ರೌಸರ್‌ನಲ್ಲೇ ತೆರೆದು ನಿಭಾಯಿಸುವ ಪುಟಕ್ಕೆ ಅಡ್ಮಿನ್ ಕನ್ಸೋಲ್ ಎನ್ನುತ್ತಾರೆ. ಯಾರಿಗೆ ಖಾತೆ ಇದೆ, ಯಾರು ಯಾವ ಆ್ಯಪ್ ಬಳಸಬಹುದು, ಎರಡನೇ ಹಂತದ ಪರಿಶೀಲನೆ ಬೇಕೇ ಬೇಡವೇ, ಎಲ್ಲವನ್ನೂ ಅಲ್ಲಿಂದಲೇ ನಿರ್ಧರಿಸಬಹುದು.

ಇಂಥದ್ದನ್ನು ಇನ್‌ಸ್ಟಾಲ್ ಮಾಡುವ ಕೆಲಸ ಭದ್ರತಾ ತಜ್ಞರ ಪಾಲಿಗೆ ಬರುವುದು ಅಪರೂಪ. ಸಾಮಾನ್ಯವಾಗಿ ಸರ್ವರ್ ನೋಡಿಕೊಳ್ಳುವವರ ಅಥವಾ ಆ್ಯಪ್ ಬರೆಯುವವರ ಹೆಗಲಿಗೆ ಬೀಳುತ್ತದೆ. ಡೌನ್‌ಲೋಡ್ ಮಾಡಿ ಒಂದು ಕಮಾಂಡ್ ಕೊಟ್ಟರೆ ಕನ್ಸೋಲ್ ತೆರೆದುಕೊಳ್ಳುತ್ತದೆ, ಆದ್ದರಿಂದ ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಆಗ ತುಂಬಿದ, ಇಲ್ಲವೇ ತುಂಬದೆ ಬಿಟ್ಟ ಕೆಲವು ಸೆಟ್ಟಿಂಗ್‌ಗಳು ಮುಂದೆ ಪ್ರತಿಯೊಬ್ಬ ಬಳಕೆದಾರರ ಲಾಗಿನ್ ಮೇಲೂ ಪರಿಣಾಮ ಬೀರುತ್ತವೆ. ಅವು ಏನು, ಯಾಕೆ ಎಂಬುದನ್ನು ಕೀಕ್ಲೋಕ್ ಎಂಬ ತಂತ್ರಾಂಶವನ್ನು ಇಟ್ಟುಕೊಂಡು ಇಲ್ಲಿ ನೋಡೋಣ. ಇದು ಮುಕ್ತ ತಂತ್ರಾಂಶ. ರೆಡ್ ಹ್ಯಾಟ್ ಎಂಬ ಕಂಪನಿಯಲ್ಲಿ ಹುಟ್ಟಿ 2014ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡಿತು. 2023ರಿಂದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ನ ಆಶ್ರಯದಲ್ಲಿದೆ. ಬೇರೆ ತಂತ್ರಾಂಶ ಬಳಸುವವರಿಗೆ ಸೆಟ್ಟಿಂಗ್‌ಗಳ ಹೆಸರು ಬದಲಾಗಬಹುದು, ಹಿಂದಿರುವ ಕಾರಣಗಳು ಹೆಚ್ಚುಕಡಿಮೆ ಇವೇ.

ತೆರೆಯ ಹಿಂದೆ ನಡೆಯುವುದೇನು?

ದೊಡ್ಡ ಆವರಣವೊಂದರಲ್ಲಿ ಹತ್ತು ಕಟ್ಟಡಗಳಿವೆ, ಒಳಗೆ ಬಿಡುವ ಚೀಟಿ ಕೊಡಲು ಮಾತ್ರ ಒಂದೇ ಕೌಂಟರ್ ಇದೆ ಎಂದುಕೊಳ್ಳಿ. ಬಂದವರು ಯಾರೆಂದು ವಿಚಾರಿಸುವುದು ಕೌಂಟರಿನವರ ಕೆಲಸ. ಕಟ್ಟಡದ ಬಾಗಿಲಲ್ಲಿ ನಿಂತವರು ಮತ್ತೆ ವಿಚಾರಿಸುವುದಿಲ್ಲ. ಚೀಟಿಯ ಮೇಲೆ ಆ ಕೌಂಟರಿನದೇ ಮುದ್ರೆ ಇದೆಯೇ, ಅವಧಿ ಮುಗಿದಿಲ್ಲವೇ ಎಂದಷ್ಟೇ ನೋಡುತ್ತಾರೆ.

ಇಲ್ಲಿ ಕೀಕ್ಲೋಕ್ ಆ ಕೌಂಟರ್. ಅದು ಕೊಡುವ ಚೀಟಿಗೆ ಟೋಕನ್ ಎನ್ನುತ್ತಾರೆ. ಆ್ಯಪ್‌ಗೆ ಪಾಸ್‌ವರ್ಡ್ ಸಿಗುವುದೇ ಇಲ್ಲ, ಟೋಕನ್ ಮಾತ್ರ ಸಿಗುತ್ತದೆ. ಟೋಕನ್ ಒಳಗೆ ವ್ಯಕ್ತಿಯ ಗುರುತಿನ ಸಂಖ್ಯೆ, ಅವಧಿ ಮುಗಿಯುವ ಸಮಯ, ಕೊಟ್ಟವರ ವಿಳಾಸ ಇರುತ್ತವೆ. ಎಲ್ಲದರ ಮೇಲೆ ಒಂದು ಡಿಜಿಟಲ್ ಸಹಿ. ಈ ‘ಕೊಟ್ಟವರ ವಿಳಾಸ’ಕ್ಕೆ ಇಶ್ಯೂಯರ್ ಎಂದು ಹೆಸರು. ಈ ಲೇಖನದ ಬಹುಪಾಲು ಅದರ ಸುತ್ತಲೇ ಇದೆ.

ಇನ್ನೆರಡು ಪದಗಳು ಬೇಕು. ರೆಲ್ಮ್ ಎಂದರೆ ಬಳಕೆದಾರರು ಮತ್ತು ಆ್ಯಪ್‌ಗಳ ಒಂದು ಪ್ರತ್ಯೇಕ ಗುಂಪು. ಒಂದು ರೆಲ್ಮ್‌ನ ಖಾತೆ ಇನ್ನೊಂದರಲ್ಲಿ ನಡೆಯುವುದಿಲ್ಲ. ಕ್ಲೈಂಟ್ ಎಂದರೆ ಲಾಗಿನ್‌ಗಾಗಿ ಈ ಸರ್ವರನ್ನು ನೆಚ್ಚಿಕೊಂಡ ಆ್ಯಪ್. ಆ್ಯಪ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಗಳು ಎಲ್ಲರಿಗೂ ಸಮಾನ. ಹಳೆಯದಾದ ಸ್ಯಾಮಲ್ 2.0 ಬಂದದ್ದು 2005ರಲ್ಲಿ, ಈಗ ಹೆಚ್ಚು ಬಳಕೆಯಲ್ಲಿರುವ ಓಪನ್‌ಐಡಿ ಕನೆಕ್ಟ್ 2014ರಲ್ಲಿ.

ಹೊಸಬರಿಗೆ ಸಾಮಾನ್ಯವಾಗಿ ತಿಳಿಯದ ಒಂದು ಸಂಗತಿ ಇದೆ. ಅಡ್ಮಿನ್ ಕನ್ಸೋಲ್ ಸರ್ವರ್‌ನ ಒಳಗಿನ ಗುಪ್ತ ಕೋಣೆಯೇನಲ್ಲ. ಅದೂ ಬ್ರೌಸರ್‌ನಲ್ಲಿ ಓಡುವ ಒಂದು ಆ್ಯಪ್, ಅದೂ ಒಂದು ಕ್ಲೈಂಟ್. ಬೇರೆ ಆ್ಯಪ್‌ಗಳ ಹಾಗೆಯೇ ಟೋಕನ್ ಪಡೆದೇ ಒಳಗೆ ಬರಬೇಕು. ಆದ್ದರಿಂದ ವಿಳಾಸದ ಸೆಟ್ಟಿಂಗ್ ತಪ್ಪಿದ್ದರೆ ಅದರ ಮೊದಲ ಸೂಚನೆ ಸಿಗುವುದು ಇಲ್ಲೇ: ಕನ್ಸೋಲ್ ‘ಲೋಡ್ ಆಗುತ್ತಿದೆ’ ಎಂದು ಹೇಳುತ್ತ ಅಲ್ಲೇ ನಿಂತುಬಿಡುತ್ತದೆ.

ಪ್ರಯೋಗದ ಕ್ರಮ ಬೇರೆ, ನಿಜ ಬಳಕೆಯ ಕ್ರಮ ಬೇರೆ

ಕೀಕ್ಲೋಕನ್ನು ಎರಡು ರೀತಿಯಲ್ಲಿ ಶುರು ಮಾಡಬಹುದು. ‘ಸ್ಟಾರ್ಟ್-ಡೆವ್’ ಎಂದು ಕೊಟ್ಟರೆ ಅದು ಏನನ್ನೂ ಕೇಳುವುದಿಲ್ಲ. ಎನ್‌ಕ್ರಿಪ್ಶನ್ ಇಲ್ಲದ ಎಚ್‌ಟಿಟಿಪಿಯನ್ನು 8080 ಪೋರ್ಟ್‌ನಲ್ಲಿ (ಯಂತ್ರದ ಆ ನಂಬರಿನ ಬಾಗಿಲಲ್ಲಿ) ತೆರೆಯುತ್ತದೆ, ಮಾಹಿತಿಯನ್ನು ತನ್ನ ಪಕ್ಕದ ಒಂದು ಫೈಲಿನಲ್ಲಿ ಬರೆದುಕೊಳ್ಳುತ್ತದೆ, ಯಾವ ವಿಳಾಸದಿಂದ ಕರೆದರೂ ಓಗೊಡುತ್ತದೆ. ಕಲಿಯಲು ಇದು ಬಹಳ ಒಳ್ಳೆಯದು.

ಬರೀ ‘ಸ್ಟಾರ್ಟ್’ ಎಂದರೆ ಅದರ ನಡತೆಯೇ ಬದಲಾಗುತ್ತದೆ. ವಿಳಾಸ ಹೇಳದಿದ್ದರೆ ಶುರುವಾಗುವುದಿಲ್ಲ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಕೊಡದೆ, ಎಚ್‌ಟಿಟಿಪಿಯನ್ನು ಬೇಕೆಂದೇ ಅನುಮತಿಸದೆ ಇದ್ದರೂ ಶುರುವಾಗುವುದಿಲ್ಲ. ಎಚ್‌ಟಿಟಿಪಿಎಸ್‌ಗೆ ಅದು ಬಳಸುವ ಪೋರ್ಟ್ 8443.

ಈ ನಿರಾಕರಣೆಯನ್ನು ಅಡ್ಡಿ ಎಂದುಕೊಂಡು ‘ಡೆವ್’ ಕ್ರಮದಲ್ಲೇ ನಿಜವಾದ ಬಳಕೆದಾರರನ್ನು ಸೇರಿಸತೊಡಗುವುದು ಅಪಾಯಕಾರಿ. ಕಂಟೇನರ್‌ನಲ್ಲಿ (ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆಯಂಥ ವ್ಯವಸ್ಥೆಯಲ್ಲಿ) ಓಡಿಸುತ್ತಿದ್ದು, ಹೊರಗಿನ ಶೇಖರಣಾ ಜಾಗ ಜೋಡಿಸಿರದಿದ್ದರೆ, ಕಂಟೇನರ್ ಅಳಿಸಿದ ಕ್ಷಣ ಖಾತೆಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಸರ್ವರ್ ಶುರುವಾಗಲು ನಿರಾಕರಿಸುತ್ತಿದೆ ಎಂದರೆ ನೀವು ಇನ್ನೂ ತೀರ್ಮಾನಿಸದ ಯಾವುದೋ ಒಂದು ವಿಷಯವನ್ನು ಅದು ಕೇಳುತ್ತಿದೆ ಎಂದರ್ಥ. ಉತ್ತರ ಕೊಟ್ಟು ಮುಂದೆ ಹೋಗುವುದೇ ಸರಿ.

ವಿಳಾಸ: ಬೇರೆಲ್ಲಕ್ಕಿಂತ ಮೊದಲು

‘ಹೋಸ್ಟ್‌ನೇಮ್’ ಎಂಬ ಸೆಟ್ಟಿಂಗ್‌ಗೆ ಬಳಕೆದಾರರ ಬ್ರೌಸರ್ ಈ ಸರ್ವರನ್ನು ಯಾವ ವಿಳಾಸದಿಂದ ತಲುಪುತ್ತದೋ ಆ ಪೂರ್ತಿ ವಿಳಾಸವನ್ನು, ಎಚ್‌ಟಿಟಿಪಿಎಸ್ ಸಮೇತ, ಬರೆಯಬೇಕು. ವೆಬ್‌ಸೈಟಿನ ವಿಳಾಸವನ್ನು ಬೇಕೆಂದಾಗ ಬದಲಿಸಿ ಹಳೆಯದರಿಂದ ಹೊಸದಕ್ಕೆ ಕಳಿಸುವ ವ್ಯವಸ್ಥೆ ಮಾಡಿದರಾಯಿತು ಎಂಬ ಅಭ್ಯಾಸ ನಮಗಿದೆ. ಇಲ್ಲಿ ಅದು ನಡೆಯುವುದಿಲ್ಲ. ಕಾರಣ ಒಂದಲ್ಲ, ಮೂರು.

ಟೋಕನ್‌ನಲ್ಲಿ ಬರೆಯುವ ಇಶ್ಯೂಯರ್ ಈ ವಿಳಾಸದಿಂದಲೇ ತಯಾರಾಗುತ್ತದೆ: ಹೋಸ್ಟ್‌ನೇಮ್, ಅದರ ಮುಂದೆ ‘ರೆಲ್ಮ್ಸ್’ ಎಂಬ ಹಾದಿ, ಕೊನೆಗೆ ರೆಲ್ಮ್‌ನ ಹೆಸರು. ಟೋಕನ್ ಪರೀಕ್ಷಿಸುವ ಆ್ಯಪ್ ತನಗೆ ಮೊದಲೇ ಹೇಳಿಟ್ಟ ಇಶ್ಯೂಯರ್‌ಗೂ ಟೋಕನ್‌ನಲ್ಲಿರುವುದಕ್ಕೂ ಅಕ್ಷರಕ್ಕಕ್ಷರ ಹೋಲಿಸುತ್ತದೆ. ‘ಸರಿಸುಮಾರು ಅದೇ’ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಕೊನೆಯ ಒಂದು ಓರೆಗೆರೆ ಹೆಚ್ಚಾದರೂ, ಎಚ್‌ಟಿಟಿಪಿಎಸ್ ಬದಲು ಎಚ್‌ಟಿಟಿಪಿ ಎಂದಿದ್ದರೂ ಟೋಕನ್ ತಿರಸ್ಕೃತವಾಗುತ್ತದೆ. ಇದು ಕಿರಿಕಿರಿ ಕೊಡಲು ಮಾಡಿದ ನಿಯಮವಲ್ಲ. ಬೇರೊಂದು ಸರ್ವರ್ ಕೊಟ್ಟ ಟೋಕನನ್ನು ನಮ್ಮದೆಂದು ಒಪ್ಪಿಕೊಳ್ಳದಿರಲು ಆ್ಯಪ್‌ಗೆ ಇರುವ ರಕ್ಷಣೆಗಳಲ್ಲಿ ಇದು ಮುಖ್ಯವಾದದ್ದು.

ಎರಡನೆಯದು ಇನ್ನೂ ಆಳದ್ದು. ಓಪನ್‌ಐಡಿ ಕನೆಕ್ಟ್ ನಿಯಮದ ಪ್ರಕಾರ ವ್ಯಕ್ತಿಯ ಗುರುತಿನ ಸಂಖ್ಯೆ ಅದನ್ನು ಕೊಟ್ಟ ಇಶ್ಯೂಯರ್ ಒಳಗಷ್ಟೇ ಅನನ್ಯ. ಹಾಗಾಗಿ ಸರಿಯಾಗಿ ಬರೆದ ಆ್ಯಪ್‌ಗಳು ‘ಈ ಇಶ್ಯೂಯರ್, ಈ ಸಂಖ್ಯೆ’ ಎಂಬ ಜೋಡಿಯಾಗಿಯೇ ಬಳಕೆದಾರರನ್ನು ನೆನಪಿಟ್ಟುಕೊಳ್ಳುತ್ತವೆ. ವಿಳಾಸ ಬದಲಾದರೆ ಜೋಡಿಯ ಅರ್ಧ ಬದಲಾಯಿತು. ಆಗ ವರ್ಷಗಳಿಂದ ಬಳಸುತ್ತಿದ್ದವರು ಆ್ಯಪ್‌ನ ಕಣ್ಣಿಗೆ ಹೊಸಬರಾಗಿ ಕಾಣಬಹುದು. ಅವರ ಹಳೆಯ ಕಡತಗಳು, ಆದ್ಯತೆಗಳು ಯಾವುದೂ ಕಾಣಿಸದಿರಬಹುದು.

ಮೂರನೆಯದು ಪಾಸ್‌ಕೀ. ಬೆರಳಚ್ಚು ಅಥವಾ ಮುಖ ತೋರಿಸಿ ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗುವ ಈ ವಿಧಾನದಲ್ಲಿ ಕೀಲಿ ಹುಟ್ಟುವಾಗಲೇ ಡೊಮೇನ್ ಹೆಸರಿಗೆ ಕಟ್ಟಲ್ಪಡುತ್ತದೆ. ನಕಲಿ ಸೈಟುಗಳಿಗೆ ಪಾಸ್‌ಕೀ ಮೋಸಹೋಗದಿರುವುದು ಇದೇ ಗುಣದಿಂದ. ಆದರೆ ನೀವೇ ಬೇರೊಂದು ಡೊಮೇನ್‌ಗೆ ಹೋದರೆ ಬ್ರೌಸರ್ ಆ ಹೊಸ ಹೆಸರಿಗೂ ಹಳೆಯ ಕೀಲಿಯನ್ನು ಕೊಡುವುದಿಲ್ಲ. ಎಲ್ಲರೂ ಮತ್ತೊಮ್ಮೆ ನೋಂದಾಯಿಸಿಕೊಳ್ಳಬೇಕು, ಅದಕ್ಕಾಗಿ ಬೇರೆ ಯಾವುದೋ ದಾರಿಯಲ್ಲಿ ಮೊದಲು ಲಾಗಿನ್ ಆಗಬೇಕು.

ವಿಳಾಸದಲ್ಲಿ ಹಾದಿಯೂ ಸೇರಿದೆ ಎಂಬುದನ್ನು ಕೀಕ್ಲೋಕ್ ಬಳಸುವವರು 2022ರಲ್ಲಿ ಅನುಭವದಿಂದಲೇ ಅರಿತರು. ಆ ವರ್ಷದ 17ನೇ ಆವೃತ್ತಿಯಲ್ಲಿ ಸರ್ವರ್‌ನ ಒಳಗಿನ ಅಡಿಪಾಯ ವೈಲ್ಡ್‌ಫ್ಲೈನಿಂದ ಕ್ವಾರ್ಕಸ್‌ಗೆ ಬದಲಾಯಿತು. ಅದರ ಜೊತೆಗೆ, ಅಲ್ಲಿಯವರೆಗೆ ಎಲ್ಲ ವಿಳಾಸಗಳಲ್ಲೂ ಇದ್ದ ‘ಆಥ್’ ಎಂಬ ತುಣುಕು ತಾನಾಗಿ ಬರುವುದು ನಿಂತಿತು. ಆ ಒಂದು ತುಣುಕು ಹೋದದ್ದರಿಂದ ಇಶ್ಯೂಯರ್ ಬದಲಾಯಿತು, ಹಳೆಯ ವಿಳಾಸವನ್ನು ನಂಬಿದ್ದ ಆ್ಯಪ್‌ಗಳ ಲಾಗಿನ್ ನಿಂತಿತು. ‘ಎಚ್‌ಟಿಟಿಪಿ-ರಿಲೇಟಿವ್-ಪಾತ್’ ಎಂಬ ಸೆಟ್ಟಿಂಗ್‌ನಲ್ಲಿ ಅದನ್ನು ಮರಳಿ ಸೇರಿಸಿದರೆ ಹಳೆಯ ವಿಳಾಸ ಉಳಿಯುತ್ತದೆ.

ಹಾಗಾದರೆ ಎಂಥ ವಿಳಾಸ ಇಟ್ಟುಕೊಳ್ಳಬೇಕು? ಯಂತ್ರದ ಹೆಸರಾಗಲಿ ಐಪಿ ಸಂಖ್ಯೆಯಾಗಲಿ ಬೇಡ, ಯಂತ್ರ ಬದಲಾಗುತ್ತದೆ. ತಂತ್ರಾಂಶದ ಹೆಸರೂ ಬೇಡ, ನಾಳೆ ಬೇರೆ ತಂತ್ರಾಂಶಕ್ಕೆ ಹೋಗಬಹುದು. ಸಂಸ್ಥೆಯ ಸ್ವಂತ ಡೊಮೇನ್ ಅಡಿಯಲ್ಲಿ ‘ಲಾಗಿನ್’, ‘ಐಡಿ’ ಎಂಬಂಥ ಸಾಮಾನ್ಯ ಹೆಸರೇ ಬಹುಕಾಲ ಬಾಳುತ್ತದೆ. ರೆಲ್ಮ್‌ನ ಹೆಸರೂ ಇಶ್ಯೂಯರ್‌ನ ಭಾಗವಾದ್ದರಿಂದ ಅದಕ್ಕೂ ಇದೇ ಎಚ್ಚರ. ‘ಟೆಸ್ಟ್’ ಎಂದು ಹೆಸರಿಟ್ಟ ರೆಲ್ಮ್‌ಗೆ ನಿಜವಾದ ಬಳಕೆದಾರರು ಬಂದಮೇಲೆ ಆ ಹೆಸರನ್ನು ಕಳೆದುಕೊಳ್ಳುವುದು ಕಷ್ಟ.

ನಡುವೆ ಪ್ರಾಕ್ಸಿ ನಿಂತಾಗ

ಕೀಕ್ಲೋಕನ್ನು ನೇರವಾಗಿ ಇಂಟರ್ನೆಟ್‌ಗೆ ಒಡ್ಡುವವರು ಕಡಿಮೆ. ಮುಂದೆ ಎನ್‌ಜಿನ್‌ಎಕ್ಸ್ ಅಥವಾ ಎಚ್‌ಎ‌ಪ್ರಾಕ್ಸಿಯಂಥ ರಿವರ್ಸ್ ಪ್ರಾಕ್ಸಿ, ಎಂದರೆ ಹೊರಗಿನ ಕರೆಗಳನ್ನು ಮೊದಲು ತಾನು ಪಡೆದು ಒಳಗಿನ ಸರ್ವರ್‌ಗೆ ದಾಟಿಸುವ ತಂತ್ರಾಂಶ, ಇರುತ್ತದೆ. ಬ್ರೌಸರ್ ಎಚ್‌ಟಿಟಿಪಿಎಸ್‌ನಲ್ಲಿ ಪ್ರಾಕ್ಸಿಯವರೆಗೆ ಬರುತ್ತದೆ. ಎನ್‌ಕ್ರಿಪ್ಶನ್ ಅಲ್ಲಿ ಬಿಚ್ಚಿಕೊಂಡು, ಒಳಗೆ ಬರೀ ಎಚ್‌ಟಿಟಿಪಿಯಲ್ಲಿ ಕೀಕ್ಲೋಕ್‌ಗೆ ತಲುಪುವುದೂ ಉಂಟು. ಆಗ ಕೀಕ್ಲೋಕ್‌ಗೆ ಕಾಣುವುದು ಎನ್‌ಕ್ರಿಪ್ಶನ್ ಇಲ್ಲದ ಕರೆ, ಅದೂ ಪ್ರಾಕ್ಸಿಯ ಐಪಿಯಿಂದ. ನಿಜವಾದ ಬಳಕೆದಾರರು ಎಲ್ಲಿಂದ, ಹೇಗೆ ಬಂದರೆಂಬುದು ಅದಕ್ಕೆ ತಿಳಿಯುವುದಿಲ್ಲ.

ತಿಳಿಯದಿದ್ದರೆ ಏನಾಗುತ್ತದೆ? ವಿಳಾಸವನ್ನು ಎಚ್‌ಟಿಟಿಪಿಎಸ್ ಸಮೇತ ಪೂರ್ತಿಯಾಗಿ ಹೇಳಿರದಿದ್ದರೆ ಅದು ತನ್ನ ಪುಟಗಳಲ್ಲಿ ಎಚ್‌ಟಿಟಿಪಿ ಕೊಂಡಿಗಳನ್ನು ಬರೆಯುತ್ತದೆ. ಎಚ್‌ಟಿಟಿಪಿಎಸ್ ಪುಟದೊಳಗೆ ಎಚ್‌ಟಿಟಿಪಿಯಿಂದ ಸ್ಕ್ರಿಪ್ಟ್ ತರಲು ಬ್ರೌಸರ್ ಬಿಡುವುದಿಲ್ಲ. ಕನ್ಸೋಲ್ ಖಾಲಿ ತೆರೆಯಾಗಿ ಉಳಿಯಲು ಇದು ಒಂದು ಸಾಮಾನ್ಯ ಕಾರಣ. ಇನ್ನೊಂದು ಪರಿಣಾಮ ತಡವಾಗಿ ಗಮನಕ್ಕೆ ಬರುತ್ತದೆ: ಯಾರು ಎಲ್ಲಿಂದ ಲಾಗಿನ್ ಆದರು ಎಂಬ ದಾಖಲೆಯಲ್ಲಿ ಎಲ್ಲರ ಹೆಸರಿನ ಮುಂದೆಯೂ ಪ್ರಾಕ್ಸಿಯ ಒಂದೇ ಐಪಿ ಇರುತ್ತದೆ.

ಇದಕ್ಕಿರುವ ಸೆಟ್ಟಿಂಗ್ ‘ಪ್ರಾಕ್ಸಿ-ಹೆಡರ್ಸ್’. ಮೂಲ ಕರೆಯ ವಿವರಗಳನ್ನು ಪ್ರಾಕ್ಸಿ ಯಾವ ಬಗೆಯ ಹೆಡರ್‌ನಲ್ಲಿ (ಕರೆಯ ಜೊತೆ ಹೋಗುವ ಮಾಹಿತಿಯ ಸಾಲಿನಲ್ಲಿ) ಕಳಿಸುತ್ತದೆ ಎಂದು ನೋಡಿ ‘ಫಾರ್ವರ್ಡೆಡ್’ ಅಥವಾ ‘ಎಕ್ಸ್‌ಫಾರ್ವರ್ಡೆಡ್’ ಎಂದು ಬರೆಯಬೇಕು. ಹಳೆಯ ಮಾರ್ಗದರ್ಶಿಗಳಲ್ಲಿ ಸಿಗುವ ಬರೀ ‘ಪ್ರಾಕ್ಸಿ’ ಎಂಬ ಸೆಟ್ಟಿಂಗ್ 26ನೇ ಆವೃತ್ತಿಯಲ್ಲಿ ಇಲ್ಲ.

ಆದರೆ ಇದನ್ನು ಹಾಕುವ ಮುನ್ನ ಒಂದು ಖಾತರಿ ಬೇಕೇ ಬೇಕು. ಈ ಹೆಡರ್‌ಗಳನ್ನು ಯಾರು ಬೇಕಾದರೂ ತಮ್ಮ ಕರೆಯೊಳಗೆ ತಾವೇ ಬರೆದು ಕಳಿಸಬಹುದು. ಹೊರಗಿನಿಂದ ಬಂದ ಹೆಡರನ್ನು ಪ್ರಾಕ್ಸಿ ಅಳಿಸಿ ತನ್ನದನ್ನು ಬರೆಯುವಂತಿರಬೇಕು. ಪ್ರಾಕ್ಸಿಯನ್ನು ತಪ್ಪಿಸಿ ಕೀಕ್ಲೋಕನ್ನು ನೇರವಾಗಿ ತಲುಪುವ ದಾರಿಯೂ ಇರಬಾರದು. ಇಲ್ಲದಿದ್ದರೆ ಸುಳ್ಳು ಐಪಿಯನ್ನು ಸರ್ವರ್ ನಿಜವೆಂದು ನಂಬುತ್ತದೆ.

ಕನ್ಸೋಲ್ ಯಾರ ಕಣ್ಣಿಗೆ ಬೀಳಬೇಕು?

ಲಾಗಿನ್ ಪುಟ ಎಲ್ಲರಿಗೂ ಸಿಗಬೇಕು. ಕನ್ಸೋಲ್ ಸಿಗಬೇಕಾದದ್ದು ಬೆರಳೆಣಿಕೆಯ ಜನರಿಗೆ. ಎರಡನ್ನೂ ಒಂದೇ ವಿಳಾಸದಲ್ಲಿ ತೆರೆದಿಟ್ಟರೆ, ಎಲ್ಲರ ಖಾತೆಗಳ ಮೇಲೂ ಅಧಿಕಾರವಿರುವ ಪುಟದ ಮುಂದೆ ಇಡೀ ಜಗತ್ತು ಪಾಸ್‌ವರ್ಡ್ ಊಹಿಸುತ್ತ ಕೂರಬಹುದು.

‘ಹೋಸ್ಟ್‌ನೇಮ್-ಅಡ್ಮಿನ್’ ಎಂಬ ಸೆಟ್ಟಿಂಗ್‌ನಿಂದ ಕನ್ಸೋಲ್‌ಗೆ ಬೇರೆ ವಿಳಾಸ ಕೊಡಬಹುದು, ಸಂಸ್ಥೆಯ ಒಳಜಾಲದಲ್ಲಷ್ಟೇ ತೆರೆಯುವಂಥದ್ದು. ಆದರೆ ಇದಿಷ್ಟರಿಂದಲೇ ಸುರಕ್ಷಿತ ಎಂದುಕೊಳ್ಳುವುದು ತಪ್ಪು. ಈ ಸೆಟ್ಟಿಂಗ್ ಕನ್ಸೋಲ್‌ನ ವಿಳಾಸವನ್ನು ಬದಲಿಸುತ್ತದೆಯೇ ಹೊರತು, ಅದರ ಹಿಂದಿರುವ ಅಡ್ಮಿನ್ ಎಪಿಐ (ಅದೇ ಕೆಲಸಗಳನ್ನು ಪ್ರೋಗ್ರಾಂಗಳು ಮಾಡಿಸುವ ದಾರಿ) ಸಾರ್ವಜನಿಕ ವಿಳಾಸದಿಂದಲೂ ಸಿಗುವುದನ್ನು ತಡೆಯುವುದಿಲ್ಲ. ತಡೆಯಬೇಕಾದದ್ದು ಪ್ರಾಕ್ಸಿ. ಸಾರ್ವಜನಿಕ ವಿಳಾಸದಲ್ಲಿ ‘ರೆಲ್ಮ್ಸ್’ ಮತ್ತು ‘ರಿಸೋರ್ಸಸ್’ ಹಾದಿಗಳನ್ನು ಮಾತ್ರ ಬಿಟ್ಟು, ‘ಅಡ್ಮಿನ್’ ಹಾದಿಯನ್ನು ಅಲ್ಲಿಯೇ ಮುಚ್ಚಬೇಕು.

ಸರ್ವರ್‌ನ ಆರೋಗ್ಯ ತಿಳಿಸುವ ‘ಹೆಲ್ತ್’ ಮತ್ತು ಅಂಕಿಅಂಶ ಕೊಡುವ ‘ಮೆಟ್ರಿಕ್ಸ್’ ಪುಟಗಳು 2024ರ 25ನೇ ಆವೃತ್ತಿಯಿಂದ 9000 ಎಂಬ ಪ್ರತ್ಯೇಕ ಪೋರ್ಟ್‌ಗೆ ಹೋಗಿವೆ. ಆ ಪೋರ್ಟ್ ಹೊರಗೆ ಕಾಣುವ ಅಗತ್ಯವೇ ಇಲ್ಲ.

ಡೇಟಾಬೇಸ್

ಬಳಕೆದಾರರು, ರೆಲ್ಮ್‌ಗಳು, ಸಹಿ ಹಾಕುವ ಕೀಲಿಗಳು, ಎಲ್ಲವೂ ಇರುವುದು ಡೇಟಾಬೇಸ್‌ನಲ್ಲಿ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮರಿಯಾಡಿಬಿ, ಒರಾಕಲ್, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್, ಇವುಗಳಲ್ಲಿ ಒಂದನ್ನು ಆರಿಸಿ ಅದರ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ಬೇಕಾದ ಕೋಷ್ಟಕಗಳನ್ನು ಮೊದಲ ಬಾರಿ ಕೀಕ್ಲೋಕ್ ತಾನೇ ರಚಿಸಿಕೊಳ್ಳುತ್ತದೆ.

ಇಲ್ಲೊಂದು ಲೆಕ್ಕ ತಪ್ಪುವ ಜಾಗವಿದೆ. ಒಂದು ಕೀಕ್ಲೋಕ್ ಸರ್ವರ್ ಡೇಟಾಬೇಸ್‌ಗೆ ತೆರೆಯಬಹುದಾದ ಸಂಪರ್ಕಗಳ ಮಿತಿ, ನಾವೇನೂ ಬದಲಿಸದಿದ್ದರೆ, 100. ಪೋಸ್ಟ್‌ಗ್ರೆಸ್ ಒಟ್ಟಾರೆ ಒಪ್ಪಿಕೊಳ್ಳುವ ಸಂಪರ್ಕಗಳ ಮಿತಿಯೂ ಸಾಮಾನ್ಯವಾಗಿ 100. ಒಂದೇ ಸರ್ವರ್ ಇದ್ದು ಜನ ಕಡಿಮೆ ಇರುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಬೇಡಿಕೆ ಹೆಚ್ಚಿತೆಂದು ಎರಡನೇ ಸರ್ವರ್ ಸೇರಿಸಿದಾಗ ಎರಡೂ ಸೇರಿ 200ರವರೆಗೆ ಕೇಳಬಹುದು, ಸಿಗುವುದು ಅದರ ಅರ್ಧ. ಅದೂ ದಟ್ಟಣೆ ಹೆಚ್ಚಿರುವ ಹೊತ್ತಿನಲ್ಲೇ ಲಾಗಿನ್‌ಗಳು ಸೋಲತೊಡಗುತ್ತವೆ. ಎರಡೂ ಕಡೆಯ ಮಿತಿಗಳನ್ನು ಒಟ್ಟಿಗೆ ನೋಡಿ ಹೊಂದಿಸಬೇಕು.

ಹೊಸ ಆವೃತ್ತಿ ಮೊದಲ ಬಾರಿ ಶುರುವಾದಾಗ ಕೋಷ್ಟಕಗಳ ರಚನೆಯನ್ನು ತನಗೆ ಬೇಕಾದಂತೆ ಬದಲಿಸಿಕೊಳ್ಳುತ್ತದೆ. ಆಮೇಲೆ ಹಳೆಯ ಆವೃತ್ತಿಗೆ ಮರಳಬೇಕೆಂದರೆ ಡೇಟಾಬೇಸ್‌ನ ಬ್ಯಾಕಪ್ ಒಂದೇ ದಾರಿ.

ಮೊದಲ ಅಡ್ಮಿನ್

ಕನ್ಸೋಲ್‌ಗೆ ಲಾಗಿನ್ ಆಗಲು ಖಾತೆ ಬೇಕು, ಖಾತೆ ಮಾಡಲು ಕನ್ಸೋಲ್ ಬೇಕು. ಈ ಗಂಟನ್ನು ಬಿಡಿಸಲು ಮೊದಲ ಅಡ್ಮಿನ್‌ನ ಹೆಸರು ಮತ್ತು ಪಾಸ್‌ವರ್ಡನ್ನು ಇನ್‌ಸ್ಟಾಲ್ ವೇಳೆಯಲ್ಲೇ ಕೊಡುವ ವ್ಯವಸ್ಥೆ ಇದೆ. 26ನೇ ಆವೃತ್ತಿಯಿಂದ ಈ ಖಾತೆಯನ್ನು ತಾತ್ಕಾಲಿಕವೆಂದೇ ಪರಿಗಣಿಸಲಾಗುತ್ತದೆ, ಕನ್ಸೋಲ್‌ನಲ್ಲಿ ಆ ಬಗ್ಗೆ ಎಚ್ಚರಿಕೆಯೂ ಕಾಣುತ್ತದೆ. ಅದರಲ್ಲಿ ಒಳಗೆ ಹೋಗಿ, ಕೆಲಸ ಮಾಡುವ ಪ್ರತಿಯೊಬ್ಬರಿಗೂ ಅವರದೇ ಹೆಸರಿನಲ್ಲಿ ಖಾತೆ ಮಾಡಿ, ಎರಡನೇ ಹಂತದ ಪರಿಶೀಲನೆ ಹಚ್ಚಿ, ತಾತ್ಕಾಲಿಕ ಖಾತೆಯನ್ನು ಅಳಿಸಬೇಕು. ಮೊಬೈಲಿನಲ್ಲಿ ಆರಂಕಿಯ ಕೋಡ್ ತೋರಿಸುವ ವಿಧಾನವನ್ನು ಆರಿಸಿಕೊಂಡರೆ ಸರ್ವರ್‌ನ ಗಡಿಯಾರ ಸರಿಯಿದೆಯೇ ನೋಡಿ. ಆ ಕೋಡ್ ಸಮಯದಿಂದಲೇ ಲೆಕ್ಕವಾಗುವುದರಿಂದ ಗಡಿಯಾರ ಹಿಂದುಮುಂದಾದರೆ ಸರಿಯಾದ ಕೋಡೂ ತಪ್ಪಾಗುತ್ತದೆ.

ಮೊದಲಿನಿಂದಲೇ ಇರುವ ‘ಮಾಸ್ಟರ್’ ರೆಲ್ಮ್ ಅಡ್ಮಿನ್‌ಗಳಿಗಷ್ಟೇ ಇರಲಿ. ಬಳಕೆದಾರರಿಗೆ ಬೇರೊಂದು ರೆಲ್ಮ್ ಮಾಡುವುದು ಸರಿಯಾದ ಕ್ರಮ.

ಸೆಟ್ಟಿಂಗ್ ಬರೆಯುವುದೆಲ್ಲಿ?

ಒಂದೇ ಸೆಟ್ಟಿಂಗನ್ನು ಹಲವು ಕಡೆ ಬರೆಯಬಹುದು: ಶುರು ಮಾಡುವ ಕಮಾಂಡ್‌ನಲ್ಲಿ, ‘ಕೆಸಿ’ ಎಂದು ಆರಂಭವಾಗುವ ಎನ್ವಿರಾನ್ಮೆಂಟ್ ವೇರಿಯಬಲ್‌ಗಳಲ್ಲಿ (ಆಪರೇಟಿಂಗ್ ಸಿಸ್ಟಮ್ ತಂತ್ರಾಂಶಕ್ಕೆ ದಾಟಿಸುವ ಹೆಸರು-ಮೌಲ್ಯಗಳಲ್ಲಿ), ಅಥವಾ ‘ಕಾನ್ಫ್’ ಫೋಲ್ಡರಿನ ಫೈಲಿನಲ್ಲಿ. ಬೇರೆ ಬೇರೆ ಮೌಲ್ಯ ಬರೆದಿದ್ದರೆ ಕಮಾಂಡ್‌ನ ಮಾತು ಮೊದಲು ನಡೆಯುತ್ತದೆ, ಆಮೇಲೆ ವೇರಿಯಬಲ್, ಕೊನೆಗೆ ಫೈಲ್. ಫೈಲ್ ಬದಲಿಸಿದರೂ ಏನೂ ಬದಲಾಗಲಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ‘ಶೋ-ಕಾನ್ಫಿಗ್’ ಕಮಾಂಡ್ ಈಗ ಜಾರಿಯಲ್ಲಿರುವ ಮೌಲ್ಯಗಳನ್ನು ತೋರಿಸುತ್ತದೆ. ಪಾಸ್‌ವರ್ಡನ್ನು ಮಾತ್ರ ಕಮಾಂಡ್‌ನಲ್ಲಿ ಬರೆಯಬೇಡಿ. ಅದೇ ಯಂತ್ರದ ಇತರ ಬಳಕೆದಾರರಿಗೆ ಪ್ರೋಸೆಸ್‌ಗಳ ಪಟ್ಟಿಯಲ್ಲಿ ಅದು ಕಾಣಬಹುದು.

ಕೆಲವು ಸೆಟ್ಟಿಂಗ್‌ಗಳು, ಡೇಟಾಬೇಸ್‌ನ ಬಗೆ ಮತ್ತು ಹೆಲ್ತ್ ಪುಟ ಬೇಕೇ ಬೇಡವೇ ಎಂಬಂಥವು, ‘ಬಿಲ್ಡ್’ ಎಂಬ ಪ್ರತ್ಯೇಕ ಹಂತದಲ್ಲಿ ತಂತ್ರಾಂಶದೊಳಗೇ ಬೆರೆಯುತ್ತವೆ. ಬೇಗ ಶುರುವಾಗಲೆಂದು ಮಾಡಿದ ಏರ್ಪಾಡು ಇದು. ‘ಆಪ್ಟಿಮೈಸ್ಡ್’ ಎಂದು ಹೇಳಿ ಶುರು ಮಾಡುವವರು ಇಂಥ ಸೆಟ್ಟಿಂಗ್ ಬದಲಿಸಿದಾಗ ಬಿಲ್ಡ್ ಅನ್ನು ಮತ್ತೆ ಮಾಡಬೇಕು.

ಸರಿಯಾಯಿತೇ ಎಂದು ನೋಡುವುದು ಹೇಗೆ?

ಕನ್ಸೋಲ್ ತೆರೆದುಕೊಂಡಿತು ಎಂಬುದು ಸಾಕಾಗುವ ಸಾಕ್ಷಿಯಲ್ಲ. ಪ್ರತಿ ರೆಲ್ಮ್‌ಗೂ ಒಂದು ಪರಿಚಯ ಪುಟವಿದೆ. ಇಶ್ಯೂಯರ್ ವಿಳಾಸದ ಮುಂದೆ ‘ವೆಲ್-ನೋನ್’ ಹಾದಿಯ ‘ಓಪನ್‌ಐಡಿ-ಕಾನ್ಫಿಗರೇಶನ್’ ಸೇರಿಸಿದರೆ ಅದು ಸಿಗುತ್ತದೆ. ಕನ್ಸೋಲ್‌ನಲ್ಲಿ ರೆಲ್ಮ್ ಸೆಟ್ಟಿಂಗ್‌ಗಳ ಪುಟದಲ್ಲೂ ಅದಕ್ಕೆ ಕೊಂಡಿ ಇದೆ. ಆ್ಯಪ್‌ಗಳು ಸರ್ವರ್ ಬಗ್ಗೆ ತಿಳಿದುಕೊಳ್ಳುವುದು ಇದನ್ನು ಓದಿಯೇ.

ಸಂಸ್ಥೆಯ ಜಾಲದ ಹೊರಗಿರುವ ಒಂದು ಸಾಧನದಿಂದ ಅದನ್ನು ತೆರೆಯಿರಿ. ‘ಇಶ್ಯೂಯರ್’ ಸಾಲಿನಲ್ಲಿ ನೀವು ತೀರ್ಮಾನಿಸಿದ ವಿಳಾಸವೇ ಇದೆಯೇ, ಎಚ್‌ಟಿಟಿಪಿಎಸ್ ಎಂದೇ ಇದೆಯೇ, 8080, 8443ರಂಥ ಒಳಗಿನ ಪೋರ್ಟ್ ಸಂಖ್ಯೆ ಎಲ್ಲೂ ನುಸುಳಿಲ್ಲವೇ ನೋಡಿ. ಇದೇ ಪುಟವನ್ನು ಆ್ಯಪ್ ಓಡುವ ಯಂತ್ರದಿಂದಲೂ ಒಮ್ಮೆ ಕರೆಯಿರಿ, ಎರಡೂ ಕಡೆ ಇಶ್ಯೂಯರ್ ಒಂದೇ ಆಗಿರಬೇಕು. ಬಳಿಕ ಅದೇ ಹೊರಗಿನ ಸಾಧನದಿಂದ ‘ಅಡ್ಮಿನ್’ ಹಾದಿಯನ್ನು ಕರೆದು, ಅದು ಸಿಗುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೊನೆಯದಾಗಿ ಸರ್ವರನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿ, ಮಾಡಿಟ್ಟ ಒಂದು ಪ್ರಯೋಗದ ಖಾತೆಯಿಂದ ಲಾಗಿನ್ ಆಗಿ, ಲಾಗಿನ್ ದಾಖಲೆಯಲ್ಲಿ ನಿಮ್ಮ ಸಾಧನದ ಐಪಿ ಬಂದಿದೆಯೇ ನೋಡಿ. ದಾಖಲಿಸುವ ಸೌಲಭ್ಯವನ್ನು ಆ ರೆಲ್ಮ್‌ನ ಇವೆಂಟ್ಸ್ ಸೆಟ್ಟಿಂಗ್‌ನಲ್ಲಿ ಮೊದಲೇ ಆನ್ ಮಾಡಿಟ್ಟಿರಬೇಕು. ಇವೆಲ್ಲ ಸರಿ ಬಂದ ಮೇಲೆ ಮೊದಲ ಆ್ಯಪನ್ನು ಜೋಡಿಸಬಹುದು.